ಗದ್ದದ ಕೆಳಗೆ ಎರಡು ಬೆರಳು

ನಮ್ಮನೆಯವರನ್ನು ಪರದೆಯ ಮೇಲೆ ನೋಡಿ ಇಡೀ ಚಿತ್ರಮಂದಿರವೇ ಕಿರುಚಿಕೊಂಡಿತು. ನಾನೂ ಕಿರುಚಿದೆ. ಕಟ್ಟಿಕೊಂಡವಳು ಹೊಗಳಬಾರದು ಅನ್ನುತ್ತಾರೆ, ಅನ್ನಲಿ. ಅವರು ಅಷ್ಟು ಚೆನ್ನಾಗಿ ನಟಿಸುತ್ತಾರೆ ಅಂತ ನನಗೇ ಗೊತ್ತಿರಲಿಲ್ಲ. ಮನೆಯಲ್ಲಿ ಜಿರಲೆ ಕಂಡರೆ ಕುರ್ಚಿ ಹತ್ತಿ ನಿಲ್ಲುವ ಗಂಡಸು!

ಅವರದು ಕ್ಷೌರದಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಹೂವಿನ ಪರದೆ. ಒಂದೇ ಕುರ್ಚಿ, ಅಂಚು ಮಬ್ಬಾದ ಕನ್ನಡಿ, ಕಾಯುವವರಿಗೊಂದು ಬೆಂಚು. ಟವೆಲ್ ಒಗೆದು ಮಡಿಸುವುದು ನನ್ನ ಪಾಲು. ಬೆಂಚಿನ ಮೇಲೆ ಕೂತವರ ಜೊತೆ ಹರಟುವುದೂ ನನ್ನ ಪಾಲೇ, ಏಕೆಂದರೆ ನಮ್ಮವರ ಬಾಯಿಂದ ಮಾತು ಹೊರಡಿಸುವುದು ಯಾರಿಂದಲೂ ಆಗದ ಕೆಲಸ. ಅವರ ಕೈ ನೋಡಬೇಕು. ಕತ್ತಿ ಎತ್ತುವ ಮೊದಲು ಎಡಗೈಯ ಎರಡು ಬೆರಳನ್ನು ಗಿರಾಕಿಯ ಗದ್ದದ ಕೆಳಗಿಟ್ಟು, ಮುಖವನ್ನು ಮೆಲ್ಲಗೆ ಮೇಲಕ್ಕೆತ್ತಿ, ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಾರೆ. ನಮ್ಮ ಮಾವನವರು ಕಲಿಸಿದ್ದು. “ಕತ್ತಿ ಅಂದ್ರೆ ಎಂಥವನಿಗೂ ಭಯಾನೇ ಕಣೋ. ಮೊದ್ಲು ನಿನ್ನ ಕೈ ಎಲ್ಲಿದೆ ಅಂತ ಅವನಿಗೆ ಗೊತ್ತಾಗ್ಲಿ” ಅನ್ನುತ್ತಿದ್ದರಂತೆ.

ಹೀಗೇ ಒಂದು ದಿನ ಕ್ಷೌರಕ್ಕೆ ಬಂದ ಸಿನಿಮಾ ನಿರ್ದೇಶಕನೊಬ್ಬ, ಅರ್ಧ ಮುಖದ ಮೇಲೆ ಸೋಪಿನ ನೊರೆ ಇರುವಾಗಲೇ ದಡಕ್ಕನೆ ಎದ್ದು ಕೂತ. “ಸಿಕ್ಕಿದ್ರು! ನನ್ನ ದೊರೆ ಸಿಕ್ಕಿದ್ರು!” ಪಾಳು ಬಂಗಲೆಯಲ್ಲಿ ನೂರಾರು ವರ್ಷಗಳಿಂದ ಮನುಷ್ಯರ ರಕ್ತ ಕುಡಿದು ಬದುಕಿರುವ ಒಬ್ಬ ದೊರೆಯ ಕಥೆಯಂತೆ. ನಮ್ಮವರ ಉದ್ದ ಮುಖ, ಗುಳಿಬಿದ್ದ ಕೆನ್ನೆ ಅವನಿಗೆ ಹಿಡಿಸಿಬಿಟ್ಟಿತ್ತು. ನಾನು ಎಷ್ಟೋ ವರ್ಷ ತುಪ್ಪ ಸುರಿದರೂ ತುಂಬದ ಕೆನ್ನೆ ಅದು.

ಚಿತ್ರೀಕರಣದಲ್ಲಿ ಇವರ ಬಾಯಿಗೆ ಕೋರೆಹಲ್ಲು ಕೂರಿಸಿದ ಮೇಲೆ ಫಜೀತಿ ಶುರುವಾಯಿತು. ಒಂದು ಮಾತೂ ಸ್ಪಷ್ಟವಾಗಿ ಹೊರಡದು. ನಿರ್ದೇಶಕ ತಲೆ ಕೆರೆದುಕೊಂಡು ದೊರೆಯ ಮಾತುಗಳನ್ನೆಲ್ಲ ತೆಗೆದೇ ಹಾಕಿದ.

“ಬಾಯಿ ಮುಚ್ಕೊಂಡಿರೋ ಪಾತ್ರ. ನಿಮಗೆ ಹೇಳಿ ಮಾಡಿಸಿದ ಹಾಗಿದೆ ಬಿಡಿ” ಎಂದು ಕಾಲೆಳೆದೆ.

ಅವರು ನಕ್ಕರು. ಕೋರೆಹಲ್ಲು ಕಂಡು ನಾನೇ ಒಂದು ಹೆಜ್ಜೆ ಹಿಂದೆ ಸರಿದೆ.

ಸಿನಿಮಾದಲ್ಲಿ ಎಲ್ಲರೂ ಎಷ್ಟು ಚೆನ್ನಾಗಿ ಮಾಡಿದ್ದರು! ಲಾಂದ್ರ ಹಿಡಿದ ಮುದಿ ಸೇವಕನ ಪಾತ್ರ ನಿವೃತ್ತ ಅಂಚೆಯಣ್ಣನದು. ಬಾಗಿಲು ತೆರೆದು ಅತಿಥಿಗಳನ್ನು ಒಳಗೆ ಬಿಡುವಾಗ ಅವರ ಕಣ್ಣಲ್ಲಿ ಕಂಡ ಮರುಕವಿದೆಯಲ್ಲ, ಅಷ್ಟು ಸಾಕಾಗಿತ್ತು, ಈ ಪಾಪದವರು ಹಿಂದಿರುಗುವುದಿಲ್ಲ ಅಂತ ನಮಗೆ ತಿಳಿಯಲು. ದೊರೆಯನ್ನು ಕೊಲ್ಲಲು ಬರುವ ಪಂಡಿತನ ಪಾತ್ರದವನೊಬ್ಬನೇ ಹೆಸರುವಾಸಿ ನಟ. ಮೊದಲರ್ಧವೆಲ್ಲ ಗಂಟಲು ಹರಿದುಕೊಂಡು ಅರಚಿದ, ಆದರೆ ಕೊನೆಯಲ್ಲಿ ದೊರೆಯ ಎದೆಗೆ ಹೊಡೆಯಲು ಗೂಟ ಎತ್ತಿದಾಗ ಅವನ ಕೈ ನಡುಗಿತಲ್ಲ, ಅದಕ್ಕೆ ಎಲ್ಲವನ್ನೂ ಕ್ಷಮಿಸಿದೆ. ನಾಯಕಿ ಆಸ್ಪತ್ರೆಯ ನರ್ಸಮ್ಮ, ಸಂಜೆ ನಾಟಕ ಆಡುವವಳು.

ಅವಳ ಕೋಣೆಗೆ ದೊರೆ ಬರುವ ದೃಶ್ಯ. ಈಗ ಮೇಲೆ ಬೀಳುತ್ತಾನೆ ಅಂತ ಎಲ್ಲರೂ ಉಸಿರು ಬಿಗಿಹಿಡಿದಿದ್ದೆವು. ಅವನು ಬೀಳಲಿಲ್ಲ. ಎರಡು ಬೆರಳನ್ನು ಅವಳ ಗದ್ದದ ಕೆಳಗಿಟ್ಟು, ಮುಖವನ್ನು ಮೆಲ್ಲಗೆ ಎತ್ತಿ, ಒಂದು ಗಳಿಗೆ ಸುಮ್ಮನೆ ನಿಂತ. ಅವಳ ಭುಜ ಇಳಿಯಿತು, ಉಸಿರು ನಿಧಾನವಾಯಿತು, ಕಣ್ಣು ಮುಚ್ಚಿತು. ತಾನಾಗಿಯೇ ಕುತ್ತಿಗೆ ಒಡ್ಡಿದಳು. ಚಿತ್ರಮಂದಿರ ಕಿರುಚಿದ್ದು ಆಗಲೇ.

ಚಪ್ಪಾಳೆ ಏನು, ಶಿಳ್ಳೆ ಏನು! ಮರುದಿನ ಅಂಗಡಿ ತೆರೆದರೆ ಬೆಂಚು ಖಾಲಿ.

ಬಂದವರೂ “ಕಟಿಂಗ್ ಸಾಕಪ್ಪ, ಗಡ್ಡ ಇರ್ಲಿ” ಅನ್ನತೊಡಗಿದರು. ನೋಡನೋಡುತ್ತ ಬೀದಿಯ ಗಂಡಸರೆಲ್ಲ ಗಡ್ಡಧಾರಿಗಳಾದರು. ಬೇಕರಿಯವನು ಧೈರ್ಯ ಮಾಡಿ ಕೂತ. ಬೆರಳು ತಾಗಿದ್ದೇ ತಡ, ಕೊರಳಿಗೆ ಕಟ್ಟಿದ ಬಟ್ಟೆಯ ಸಮೇತ ಕಾಲಿಗೆ ಬುದ್ಧಿ ಹೇಳಿದ.

“ಬೇಜಾರು ಮಾಡ್ಕೋಬೇಡಿ ಅಕ್ಕಾ” ಎಂದು ಬಟ್ಟೆ ಹಿಂದಿರುಗಿಸುವಾಗ ತಲೆ ತಗ್ಗಿಸಿದ. “ಅದು ಸಿನಿಮಾ ಅಂತ ನಂಗೆ ಗೊತ್ತು. ಈ ಕುತ್ತಿಗೆಗೆ ಗೊತ್ತಾಗಲ್ಲ!”

ನಗು ಬಂತು. ಆದರೆ ಎದುರು ಅಂಗಡಿಯ ದರ್ಜಿ ಬಂದ ದಿನ ನಗು ಆರಿಹೋಯಿತು. ಅವನು ಹೆದರಬಾರದೆಂದು ನಮ್ಮವರು ಬೆರಳಿಡದೆಯೇ, ಪಕ್ಕಕ್ಕೆ ನಿಂತು ಕತ್ತಿ ಆಡಿಸಿದರು. ಗದ್ದದ ತಿರುವಿನಲ್ಲಿ ಕತ್ತಿ ಜಾರಿತು. ಒಂದು ಹನಿ ರಕ್ತ. ದರ್ಜಿ ಬಿಳುಚಿಕೊಂಡ, ಇವರು ಅವನಿಗಿಂತ ಬಿಳುಚಿಕೊಂಡರು. ಸಿನಿಮಾದಲ್ಲಿ ಲೋಟಗಟ್ಟಲೆ ಬಣ್ಣದ ನೀರು ಕುಡಿದವರು, ಈ ಕುರ್ಚಿಯಲ್ಲಿ ಅದುವರೆಗೆ ಯಾರ ರಕ್ತವನ್ನೂ ಕಂಡವರಲ್ಲ.

ಕತ್ತಿ ಒರೆಸಿ ಡ್ರಾಯರಿಗೆ ಹಾಕಿ ಪರದೆಯ ಹಿಂದೆ ಬಂದು ಕೂತರು. “ಇನ್ನು ಕತ್ತಿ ಮುಟ್ಟಲ್ಲ ಕಣೇ. ಅಪ್ಪ ಧೈರ್ಯ ಕೊಡೋಕೆ ಅಂತ ಕಲಿಸಿದ್ರು. ನಾನು ಅದರಿಂದಾನೇ ಜನರನ್ನ ಹೆದರಿಸಿಬಿಟ್ಟೆ.”

ನನಗೆ ಮೈಯೆಲ್ಲ ಉರಿಯಿತು. ಆ ನಿರ್ದೇಶಕನ ಮೇಲೆ, ಶಿಳ್ಳೆ ಹೊಡೆದು ಬೆನ್ನು ತಿರುಗಿಸಿದ ಬೀದಿಯ ಮೇಲೆ. ಅಷ್ಟು ಒಳ್ಳೆಯ ಕೈಗೆ ಇದೇನಾ ಬಹುಮಾನ? ಟವೆಲ್‌ಗಳನ್ನು ಕಲ್ಲಿಗೆ ಅಪ್ಪಳಿಸಿ ಒಗೆದೆ. ಒಗೆಯಲು ಇದ್ದದ್ದೂ ಎರಡೇ.

ಭಾನುವಾರ ಬೆಳಿಗ್ಗೆ ಬಾಗಿಲಲ್ಲಿ ಗಾಲಿಕುರ್ಚಿಯ ಸದ್ದಾಯಿತು. ನರ್ಸಮ್ಮ ತನ್ನ ತಂದೆಯನ್ನು ಕರೆತಂದಿದ್ದಳು. ಪಾರ್ಶ್ವವಾಯು ಬಡಿದ ಮೇಲೆ ಅವರ ಮಾತು ನಿಂತಿತ್ತು. ಮುಖದ ಹತ್ತಿರ ಯಾರ ಕೈ ಬಂದರೂ ಬೀಸಿ ಹೊಡೆಯುತ್ತಿದ್ದರಂತೆ, ಮಗಳಿಗೂ. ಗಡ್ಡ ಜಡೆಗಟ್ಟಿ, ಅದರಲ್ಲಿ ಗಂಜಿ ಒಣಗಿತ್ತು.

“ಅಣ್ಣಾ, ಅಪ್ಪಂಗೆ ಗಡ್ಡ ತೆಗೀಬೇಕು.”

“ಆಗಲ್ಲ ತಾಯಿ. ಇವರೂ ಹೆದರ್ಕೋತಾರೆ.”

“ಅವತ್ತು ನಾನು ಕಿರುಚಬೇಕಿತ್ತು ಅಣ್ಣಾ” ಎಂದಳು ನರ್ಸಮ್ಮ. “ಡೈರೆಕ್ಟರ್ ಹಾಗೇ ಹೇಳಿದ್ರು. ನೀವು ಬೆರಳಿಟ್ರಿ ನೋಡಿ, ಇದ್ದ ಭಯಾನೂ ಹೋಯ್ತು. ಕಿರುಚೋಕೇ ಆಗ್ಲಿಲ್ಲ. ಎಲ್ಲರೂ ಏನು ನಟನೆ, ಏನು ನಟನೆ ಅಂತಾರೆ. ನಾನು ನಟಿಸ್ಲೇ ಇಲ್ಲ.”

ನಮ್ಮವರು ನನ್ನ ಮುಖ ನೋಡಿದರು. ನಾನು ಡ್ರಾಯರ್ ಎಳೆದು ಕತ್ತಿ ತೆಗೆದಿಟ್ಟೆ.

ಅಷ್ಟರಲ್ಲಿ ಬಾಗಿಲಿಗೆ ಗಡ್ಡಗಳು ಮುತ್ತಿಕೊಂಡಿದ್ದವು, ಮುಂದುಗಡೆ ದರ್ಜಿ. ಟವೆಲ್ ಹೊದಿಸುವಾಗಲೇ ಹಿರಿಯರು ಕೈ ಬೀಸಿದರು. ನಮ್ಮವರು ಏಟು ತಿಂದರು, ಹಿಂದೆ ಸರಿಯಲಿಲ್ಲ. ಎರಡು ಬೆರಳನ್ನು ಗದ್ದದ ಕೆಳಗಿಟ್ಟು ನಿಂತರು. ಯಾವತ್ತಿಗಿಂತ ಹೆಚ್ಚು ಹೊತ್ತು ನಿಂತರು. ಎತ್ತಿದ ಕೈ ಮೆಲ್ಲಗೆ ತೊಡೆಯ ಮೇಲಿಳಿಯಿತು. ಒಂದು ಕೆನ್ನೆ ಮುಗಿಯುವಷ್ಟರಲ್ಲಿ ಹಿರಿಯರಿಗೆ ಸಣ್ಣ ಗೊರಕೆ.

ಮುಖ ಒರೆಸಿದಾಗ ಎಚ್ಚರಾಯಿತು. ಕೆನ್ನೆ ಸವರಿಕೊಂಡರು, ನಮ್ಮವರನ್ನು ದಿಟ್ಟಿಸಿದರು. ತುಟಿ ಬಹಳ ಹೊತ್ತು ಒದ್ದಾಡಿತು.

“ನಾ... ಳೆ?”

ನರ್ಸಮ್ಮ ಗೋಡೆ ಕಡೆ ತಿರುಗಿಕೊಂಡಳು. ಹಿರಿಯರ ಬಾಯಿಂದ ಎಷ್ಟೋ ತಿಂಗಳ ಮೇಲೆ ಬಂದ ಮಾತಂತೆ ಅದು.

“ಬನ್ನಿ. ದಿನಾ ಬನ್ನಿ” ಎಂದರು ನಮ್ಮವರು.

ದರ್ಜಿ ಒಳಗೆ ಬಂದ. ಗದ್ದಕ್ಕೆ ಅಂಟಿಸಿದ್ದ ಪಟ್ಟಿಯನ್ನು ಸರ್ರನೆ ಕಿತ್ತು ಕುರ್ಚಿಯಲ್ಲಿ ಕೂತ.

“ಬೆರಳಿಟ್ಟೇ ಮಾಡಿ” ಎಂದು ಕಣ್ಣು ಮುಚ್ಚಿಕೊಂಡ.