ಕೆಂಚ ಕೂತ ಜಾಗ

ಕಾಫಿ ತೋಟದ ವಾಚರ್ ಚಂದ್ರಯ್ಯನ ಗಂಟಲು ಬೆಳಗೋಡಿನ ಸುತ್ತ ಹೆಸರುವಾಸಿ. ಹಂದಿ ಬೇಟೆಯಲ್ಲಿ ಅವನು ಒಂದು ಕೂಗು ಹಾಕಿದರೆ ಸಾಕು, ನಾಯಿಗಳು ಮುಳ್ಳು, ಪೊದೆ ಯಾವುದನ್ನೂ ಲೆಕ್ಕಿಸದೆ ನುಗ್ಗುತ್ತಿದ್ದವು. ಅಂಥವನು ತೊಂಬತ್ತೆಂಟರ ಮಳೆಗಾಲದಲ್ಲಿ ಬೇಟೆಯನ್ನೇ ಬಿಟ್ಟ. ಬೇಲಿಯಂಚಿನಲ್ಲಿ ಮೇಯುತ್ತಿದ್ದ ಅವನ ಹಸು, ಯಾರೋ ಹಂದಿಗೆಂದು ಇಟ್ಟಿದ್ದ ಸಿಡಿಮದ್ದಿನ ಉಂಡೆ ಕಚ್ಚಿತ್ತು. ಕೆಳದವಡೆ ಹಾರಿಹೋಗಿ, ನೀರು ಕುಡಿಯಲೂ ಆಗದೆ ನರಳಿ ನರಳಿ ಸತ್ತಿತು. ಇಟ್ಟವನು ಯಾರೆಂದು ಊರಿಗೆಲ್ಲ ಗೊತ್ತು, ಬಾಯಿ ಬಿಡುವವರು ಒಬ್ಬರೂ ಇಲ್ಲ. ಹಂದಿಗೆ ಇಟ್ಟದ್ದನ್ನು ಹಂದಿಯೇ ತಿನ್ನಬೇಕೆಂದು ಯಾವ ದೇವರು ಬರೆದಿದ್ದಾನೆ?

ಕೊಯ್ಲು ಬಂದರೆ ಅವನ ಹೆಂಡತಿ ರಾಮಮ್ಮನೂ ಆಳುಗಳ ಜೊತೆ ಕಾಫಿ ಗಿಡಗಳ ಬುಡದಲ್ಲಿ ಉದುರು ಹಣ್ಣು ಆರಿಸಬೇಕು. ಅಲ್ಲೂ ಇಂಥ ಉಂಡೆಗಳಿರಬಹುದೆಂದು ಚಂದ್ರಯ್ಯ ತನ್ನ ಬೇಟೆನಾಯಿ ಕೆಂಚನನ್ನು ಮದ್ದು ಹುಡುಕಲು ಪಳಗಿಸತೊಡಗಿದ. ಮಳೆಗೆ ನೆನೆದು ಕೆಟ್ಟಿದ್ದ ಉಂಡೆಯೊಂದಕ್ಕೆ ಸುತ್ತಿದ್ದ ಬಟ್ಟೆಯನ್ನು ತೆಂಗಿನ ಚಿಪ್ಪಿನಡಿ ಬಚ್ಚಿಡುತ್ತಿದ್ದ. ಮೊದಮೊದಲು ಕೆಂಚ ವಾಸನೆ ಹಿಡಿದವನೇ ಬೊಗಳಿ, ಕೆರೆದು, ಚಿಪ್ಪನ್ನೇ ಕಚ್ಚಿಕೊಂಡು ಬರುತ್ತಿದ್ದ. ಆಗೆಲ್ಲ ಚಂದ್ರಯ್ಯ ಬೈಯದೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದ. ಮುಟ್ಟದೆ ಸುಮ್ಮನೆ ಕೂತರೆ ಮಾತ್ರ ಒಣಮೀನಿನ ಚೂರು. ಕೂತವನ ಬೆನ್ನು ಮೆಲ್ಲಗೆ ತಟ್ಟಿದರೆ ಎದ್ದು ಹಿಂದೆ ಬರಬೇಕು. ಎಲ್ಲ ಪಿಸುಮಾತಿನಲ್ಲೇ.

"ಗಂಟ್ಲು ಎಲ್ಲಾರ ಅಡ ಇಟ್ಟು ಬಂದ್ಯಾ?" ಎಂದು ರಾಮಮ್ಮ ರೇಗಿಸಿದಳು.

"ಕೂಗಿದ್ರೆ ಬೇಟೆ ಅನ್ಕಂತೈತೆ ಕಣೆ. ಹೆದರ್ಬಾರ್ದು, ಹಿಗ್ಗಲೂಬಾರ್ದು. ಸುಮ್ಕೆ ಕೂತ್ಕಬೇಕು, ಅಷ್ಟೆ."

ಕೊಯ್ಲಿನಲ್ಲಿ ಕೆಂಚ ಮುಂದೆ, ಆಳುಗಳು ಹಿಂದೆ. ಎರಡು ಕಡೆ ಕೂತ, ಎರಡು ಕಡೆಯೂ ಉಂಡೆ ಸಿಕ್ಕಿತು. ಹೆಂಗಸರು ಬುತ್ತಿಯಲ್ಲಿ ಅವನಿಗೊಂದು ತುತ್ತು ಎತ್ತಿಡತೊಡಗಿದರು. ಚಂದ್ರಯ್ಯನಿಗೆ ಒಳಗೊಳಗೇ ಹೆಮ್ಮೆ.

ಆಮೇಲೊಂದು ದಿನ ಹಳ್ಳದ ಪಕ್ಕ ಕೆಂಚ ಮತ್ತೆ ಕೂತ. ಹಣ್ಣಿನ ಚೀಲ ಹಿಡಿದ ರಾಮಮ್ಮ ದೂರವೇ ನಿಂತಳು. ಬೆನ್ನು ತಟ್ಟಲು ಚಂದ್ರಯ್ಯ ಮೆಲ್ಲಗೆ ಹೊರಟ. ಅಷ್ಟರಲ್ಲಿ ಮೇಲಿನ ದಾರಿಯಲ್ಲಿ ಹೋಗುತ್ತಿದ್ದ ಅವನ ಹಳೆಯ ಬೇಟೆ ಜೊತೆಗಾರ ಗಿಡ್ಡಯ್ಯ, ನಾಯಿ ಪೊದೆಯತ್ತ ದಿಟ್ಟಿಸಿ ಕೂತದ್ದನ್ನು ಕಂಡ. ಒಳಗೆ ಹಂದಿ ಮಲಗಿದೆ ಎಂದುಕೊಂಡು ಕೋಲು ಹಿಡಿದು ದಡದಡನೆ ಪೊದೆಗೇ ಇಳಿದುಬಂದ.

"ನಿಂತ್ಕಳೋ ಗಿಡ್ಡಾ, ಕಾಲಿಡ್ಬೇಡ!" ಚಂದ್ರಯ್ಯ ಜೀವಮಾನದಲ್ಲೇ ಕೂಗದ ಹಾಗೆ ಕೂಗಿಬಿಟ್ಟ.

ಗಿಡ್ಡಯ್ಯ ನಿಂತ. ಕೆಂಚನಿಗೆ ಆ ಕೂಗಿನ ಅರ್ಥ ಒಂದೇ ಗೊತ್ತಿತ್ತು. ನುಗ್ಗಿ ಉಂಡೆಗೆ ಬಾಯಿ ಹಾಕಿದ.

ಸದ್ದು ಅಡಗಿದ ಮೇಲೆ ರಾಮಮ್ಮ ಚೀಲದ ಹಣ್ಣನ್ನು ನೆಲಕ್ಕೆ ಸುರಿದು, ಬರಿದಾದ ಚೀಲವನ್ನು ಗಂಡನ ಕೈಗೆ ಕೊಟ್ಟಳು. ಕೆಂಚನಲ್ಲಿ ಉಳಿದದ್ದನ್ನು ತುಂಬಿಕೊಳ್ಳಬೇಕಿತ್ತು.

"ಅದಿನ್ನೂ ಸರ್ಯಾಗಿ ಕಲ್ತಿರ್ಲಿಲ್ಲ ಅನ್ಸುತ್ತೆ, ಬುಡು ಮಾರಾಯ," ಎಂದ ಗಿಡ್ಡಯ್ಯ, ಕೆಂಚನ ಕೆಲಸ ಏನೆಂದು ಕೇಳಿ ತಿಳಿದ ಮೇಲೆ, ಸಮಾಧಾನಕ್ಕೆ.

"ಕಲ್ತಿತ್ತು ಕಣೋ," ಎಂದ ಚಂದ್ರಯ್ಯ. "ಅದು ಕೂತೇ ಇತ್ತು. ನಾನೇ ಎಬ್ಬಿಸ್ಬುಟ್ಟೆ."