ಸೊಸೆಯ ಬ್ಯಾನರೇ ಮೊದಲು ಇಳಿಯಿತು

ಬಂಗಾರಪೇಟೆಯಿಂದ ಬೂದಿಕೋಟೆ ಕಡೆಗೆ ಹೋಗುವ ರಸ್ತೆ. ಇನ್ನೂ ಮಂಜು ಸರಿದಿಲ್ಲ. ಹಾಲಿನ ಕ್ಯಾನು ಕಟ್ಟಿಕೊಂಡ ಬೈಕುಗಳು ಓಡಾಡುತ್ತಿವೆ. ಊರಂಚಿನ ದೀಪದ ಕಂಬಕ್ಕೆ ಏಣಿ ಒರಗಿಸಿ ಹತ್ತಿರುವ ಪೆರುಮಾಳ್, ಕೈಮುಗಿದು ನಗುತ್ತಿರುವ ಹೆಣ್ಣುಮಗಳೊಬ್ಬಳ ಬ್ಯಾನರ್ ಬಿಚ್ಚುತ್ತಿದ್ದಾರೆ. ಆಕೆ ಬೇರೆ ಯಾರೂ ಅಲ್ಲ, ಅವರ ಸ್ವಂತ ಸೊಸೆ ಸುಮಿತಾ.

ಪುರಸಭೆ ಚುನಾವಣೆ ಘೋಷಣೆಯಾಗಿದೆ. ನೀತಿಸಂಹಿತೆ ಬಂತೆಂದರೆ ಸರ್ಕಾರಿ ಕಂಬ, ಗೋಡೆ, ಸೇತುವೆಗಳ ಮೇಲಿನ ಪ್ರಚಾರವೆಲ್ಲ ಇಳಿಯಬೇಕು. ಇಪ್ಪತ್ತು ವರ್ಷಗಳಿಂದ ಆ ಕೂಲಿ ಪೆರುಮಾಳ್ ಅವರದು. ನಾಯಕರು ಕಂಬ ಏರುವಾಗ ಪಟಾಕಿ, ಶಿಳ್ಳೆ ಎಲ್ಲ ಇರುತ್ತದೆ. ಇಳಿಯುವಾಗ ಜೊತೆಗಿರುವುದು ಇವರೊಬ್ಬರೇ.

ಕುಡುಗೋಲನ್ನು ಇವರು ಕೆಲಸಕ್ಕೆ ತರುವುದೇ ಇಲ್ಲ. ಶುರುವಿನಲ್ಲಿ ಒಮ್ಮೆ ಕೆಜಿಎಫ್‌ನಲ್ಲಿ ಹಗ್ಗ ಕೊಯ್ದಾಗ ಬ್ಯಾನರ್ ರಸ್ತೆಗೆ ಬಿದ್ದು, ನಾಯಕರ ಮುಖದ ಮೇಲೆ ಬಸ್ಸು ಹರಿದಿತ್ತು. ಬೆಂಬಲಿಗರು ಇವರ ಕೆನ್ನೆಗೆ ಬಾರಿಸಿದ್ದರು. ಅಂದಿನಿಂದ ಒಂದೊಂದೇ ಗಂಟು ಬಿಚ್ಚಿ, ಮುಖ ಒಳಗೆ ಬರುವಂತೆ ಮಡಚಿ, ಹೆಗಲ ಮೇಲೆ ಹೊತ್ತು ಇಳಿಯುತ್ತಾರೆ.

"ಯಾವ ಪಾರ್ಟಿ ಆದ್ರೇನು ಸಾರ್, ಮುಖ ತುಳೀಬಾರ್ದು. ಎಲ್ಲಾರ್ದೂ ಒಂದೇ ತರ ಮಡಿಸ್ತೀನಿ. ಅದ್ಕೇ ಯಾರೂ ನನ್ ಮೇಲೆ ಜಗಳಕ್ಕೆ ಬರಲ್ಲ" ಎನ್ನುತ್ತಾರೆ.

ಈ ಸಲ ಪರೀಕ್ಷೆ ಮನೆಯೊಳಗೇ ಬಂತು. ಡೈರಿಯಲ್ಲಿ ಹಾಲು ಅಳೆಯುವ ಸುಮಿತಾ ತಮ್ಮ ವಾರ್ಡಿಗೆ ಪಕ್ಷೇತರರಾಗಿ ನಿಲ್ಲುತ್ತಿದ್ದಾರೆ. ಅತ್ತಿಗೆಯ ಫೋಟೋ ಊರೆಲ್ಲ ನೋಡಲೆಂದು ಮೈದುನ ಮುನೀಂದ್ರ ಹುಮ್ಮಸ್ಸಿನಲ್ಲಿ ಒಯ್ದು ಕಟ್ಟಿದ್ದು ಇದೇ ದೀಪದ ಕಂಬಕ್ಕೆ. ಪೆರುಮಾಳ್ ಅವರ ಹೆಂಡತಿ ಅಮ್ಮಾಜಮ್ಮನ ಕೋಪ ಇನ್ನೂ ಆರಿಲ್ಲ.

"ಮನೆಗೆ ಮಾರಿ, ಊರಿಗೆ ಉಪಕಾರಿ ಅಂದ್ರೆ ಇವ್ರೇ ನೋಡಿ. ನಮ್ ವಂಶದಾಗೆ ಯಾರ ಮುಖಾನೂ ಅಷ್ಟು ಎತ್ರ ಏರಿರ್ಲಿಲ್ಲ. ಕೊನೇಗೆ ಬಿಚ್ಚಿದ್ರೆ ಆಗ್ತಿರ್ಲಿಲ್ವಾ?"

ಪೆರುಮಾಳ್ ಅವರಿಗೂ ಇದು ಸುಲಭವಿರಲಿಲ್ಲ. "ಇವ್ಳದು ಬಿಟ್ಟು ಬೇರೇರ್ದು ಮುಟ್ಟಿದ್ರೆ ಇಷ್ಟು ವರ್ಷದ ನಂಬಿಕೆ ಅಲ್ಲಿಗೆ ಮುಗೀತು. ಆದ್ರೆ ಅವ್ಳಿಗೆ ಎಂಗೆ ಏಳೋದು?" ಹೇಳುವ ಕಷ್ಟ ತಪ್ಪಿಸಿದ್ದು ಸೊಸೆಯೇ. ಹಿಂದಿನ ಸಂಜೆ ಏಣಿಯನ್ನು ಅಂಗಳಕ್ಕೆ ತಂದಿಟ್ಟು, "ನಂದೇ ಮೊದ್ಲು ಬಿಚ್ಚಿ ಮಾವ. ನಾಳೆ ನಾನು ಓಟು ಕೇಳೋಕೆ ಮನೆಮನೆಗೆ ಓಗ್ಬೇಕು" ಎಂದರಂತೆ.

ಆ ಸುದ್ದಿ ಟೀ ಅಂಗಡಿಯವರೆಗೂ ಹೋಗಿದೆ. ಎದುರಾಳಿಯ ಕಡೆಯ ಮುನೇಶ್ ತಾನಾಗಿಯೇ ಬಂದು ತಮ್ಮವರ ಬ್ಯಾನರ್ ಇಳಿಯುವವರೆಗೂ ಏಣಿ ಹಿಡಿದು ನಿಲ್ಲುತ್ತಾನೆ. ನೋಡಿದರೆ ಖುಷಿಯಾಗುತ್ತದೆ.

ವಾರ ಕಳೆದು ಮತ್ತೆ ಹೋದಾಗ ಸುಮಿತಾ ಅವರ ನಗುಮುಖ ಮನೆಯ ಗೋಡೆಯ ಮೇಲಿದೆ. ಸ್ವಂತ ಗೋಡೆ, ಅನುಮತಿಯೂ ಸಿಕ್ಕಿದೆ. ಕಟ್ಟಿದ್ದು ಪೆರುಮಾಳ್ ಅವರೇ. ಅಮ್ಮಾಜಮ್ಮ ದಿನಾ ಬೆಳಿಗ್ಗೆ ಅದರ ಧೂಳು ಒರೆಸುತ್ತಾರೆ.

ಹಗ್ಗದ ತುದಿ ಮುಟ್ಟಿ ನೋಡುತ್ತೇನೆ. ಹಸು ಕಟ್ಟುವ ಜಾರುಗಂಟು, ಎಳೆದರೆ ಸಾಕು ಬಿಚ್ಚಿಕೊಳ್ಳುತ್ತದೆ. ಗಟ್ಟಿಯಾಗಿ ಕಟ್ಟಬಾರದಿತ್ತೇ ಎಂದರೆ ಪೆರುಮಾಳ್ ನಗುತ್ತಾರೆ.

"ಗೆದ್ರೂ ಇಳೀಬೇಕು, ಸೋತ್ರೂ ಇಳೀಬೇಕು ಸಾರ್. ಇಳ್ಸೋನು ನಾನೇ ತಾನೇ?"