ಮುಖ ತಪ್ಪಿಸಿ ಹೊಡೆದ ಶಿಕ್ಕಾ

ಲಾಲಸಾಬ್ ಮಾಸ್ತರರು ಅಂಚೆಚೀಟಿಯ ಮೇಲಿನ ಮುಖಕ್ಕೆ ಒಮ್ಮೆಯೂ ಶಿಕ್ಕಾ ಹೊಡೆದವರಲ್ಲ. ಮಣ್ಣೂರಿನ ಅಂಚೆ ಕಚೇರಿಯಲ್ಲಿ ಕೂತು, ಕನ್ನಡಕ ಹಣೆಗೇರಿಸಿ, ಚೀಟಿಯ ಮೂಲೆಗಷ್ಟೇ ಮಸಿ ತಗಲುವಂತೆ ಒತ್ತುತ್ತಿದ್ದರು. ತಪಾಸಣೆಗೆ ಬಂದ ಮೇಲಧಿಕಾರಿ ಗದರಿದಾಗ, “ಸತ್ತವರ ಮಾರಿಗಿ ಮಸಿ ಬಡಿಯೂದು ನನ್ ಕೈಲಿ ಆಗಂಗಿಲ್ರಿ ಸಾಹೇಬ್ರ” ಎಂದಿದ್ದರಂತೆ.

ಆಳಂದದಿಂದ ಅಲ್ಲಿನ ಶಾಲೆಗೆ ಶಿಕ್ಷಕಿಯಾಗಿ ವರ್ಗವಾಗಿ ಹೋದ ನಾನು ಅವರ ಮನೆಯ ಹೊರಕೋಣೆಯಲ್ಲಿ ಬಾಡಿಗೆಗಿದ್ದೆ. ಅಷ್ಟೊತ್ತಿಗೆ ಅವರು ನಿವೃತ್ತರಾಗಿದ್ದರು. ಆದರೆ ಯಾರ ಚಿತ್ರ ಚೀಟಿಯ ಮೇಲೆ ಬರುತ್ತದೆ, ಯಾರದು ಬರುವುದಿಲ್ಲ ಎಂಬುದು ಅವರಿಗೆ ಬಾಯಿಪಾಠ. ಊರ ಸಾವಕಾರರೊಬ್ಬರು ತಮ್ಮ ಫೋಟೋ ಬರಲು ಏನು ಮಾಡಬೇಕೆಂದು ಕೇಳಿದರು. “ಮದಲ ಸಾಯಬೇಕ್ರಿ ಸಾವಕಾರ್ರ. ಆಮ್ಯಾಲ ಹತ್ತು ವರ್ಷ ತಡೀಬೇಕು” ಎಂದು ಮಾಸ್ತರರು ನಗದೆ ಹೇಳಿದರು. ಚೀಟಿ ಬರುವ ಎರಡು ವರ್ಷ ಮೊದಲೇ ಅರ್ಜಿ ಹೋಗಬೇಕು, ಜೊತೆಗೆ ಜೀವನಚರಿತ್ರೆ, ಫೋಟೋ. ದಿಲ್ಲಿಯ ಸಮಿತಿಯವರು ಓದಿ, ಇವರು ದೇಶಕ್ಕೇ ದೊಡ್ಡವರು ಅನ್ನಿಸಿದರೆ ಮಾತ್ರ ಮುಂದಿನ ಮಾತು.

ಇದನ್ನೆಲ್ಲ ಅವರು ಸುಮ್ಮನೆ ತಿಳಿದುಕೊಂಡಿರಲಿಲ್ಲ. ಅಂಬಿಗರ ಸಿದ್ದಪ್ಪನ ಚೀಟಿ ಬರಬೇಕೆಂಬುದು ಅವರ ಹಟ. ಒಂದು ವರ್ಷ ಭೀಮೆ ಉಕ್ಕಿ ರಸ್ತೆ ಮುಳುಗಿದಾಗ ಸಿದ್ದಪ್ಪ ಅಂಚೆಚೀಲ ಹೊತ್ತು ತೆಪ್ಪ ಹಾಕಿದ್ದ. ಮರುದಿನ ಚೀಲ ಜಾಲಿಮರದ ಟೊಂಗೆಗೆ ಬಿಗಿಯಾಗಿ ಕಟ್ಟಿದಂತೆ ಸಿಕ್ಕಿತು. ಸಿದ್ದಪ್ಪ ಸಿಕ್ಕಿದ್ದು ಮೂರನೆಯ ದಿನ, ಬಹಳ ಕೆಳಗೆ. ಚೀಲದೊಳಗಿದ್ದದ್ದು ನಾಲ್ಕು ಲಗ್ನಪತ್ರಿಕೆ, ಒಂದು ವಿಮೆ ನೋಟೀಸು.

ಸಾವಿಗೆ ಹತ್ತು ವರ್ಷ ತುಂಬಿದ ವಾರವೇ ಮಾಸ್ತರರು ನನ್ನನ್ನು ಕೂಡಿಸಿಕೊಂಡು ಅರ್ಜಿ ಬರೆಸಿದರು. ಅವನು ಹುಟ್ಟಿದ ದಿನ ಯಾರಿಗೂ ಗೊತ್ತಿರಲಿಲ್ಲ. ತೆಪ್ಪ ಹತ್ತಿದ ದಿನ ಮಾಸ್ತರರಿಗೆ ಗಳಿಗೆಯ ಸಮೇತ ಗೊತ್ತಿತ್ತು. “ಸ್ವಂತ ಇಚ್ಛೆಯಿಂದ ಹೊಳೆಗಿಳಿದನು” ಎಂಬ ಸಾಲನ್ನು ಎರಡು ಸಲ ಓದಿಸಿ ಕೇಳಿದರು.

ಫೋಟೋ ಕೇಳಲು ನಾಲ್ಕು ಮನೆ ಆಚೆಗಿದ್ದ ಸಿದ್ದಪ್ಪನ ಹೆಂಡತಿ ಗಂಗವ್ವನಲ್ಲಿಗೆ ಹೋದೆವು. ಅವಳು ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಡದೆ ಎಲ್ಲ ಕೇಳಿಸಿಕೊಂಡಳು.

“ಚೀಟಿ ಮ್ಯಾಲ ಹಾಕಿದ್ರ ಊರೂರಾಗ ಮಂದಿ ಅವನ ಮಾರಿಗಿ ಶಿಕ್ಕಾ ಹೊಡೀತಾರಲ್ರಿ ಮಾಸ್ತರ್ರ? ಎಲ್ಲಾರೂ ನಿಮ್ಮಂಗ ಇರ್ತಾರೇನ್ರಿ?”

ಇಷ್ಟು ವರ್ಷದಲ್ಲಿ ಆ ಮಾತು ಮಾಸ್ತರರ ತಲೆಗೇ ಬಂದಿರಲಿಲ್ಲ.

“ಹೆಂಗ ಸತ್ತ ಅಂತ ಬರದೀರಿ ಅಕ್ಕೋರೆ?” ಎಂದು ಗಂಗವ್ವ ನನ್ನತ್ತ ತಿರುಗಿದಳು. ಓದಿದೆ. ಅವಳು ಮಾಸ್ತರರ ಮುಖವನ್ನೇ ನೋಡಿದಳು. ಅವರು ನೆಲ ನೋಡುತ್ತ ನಿಂತರು. ಗಂಗವ್ವ ಫೋಟೋ ಕೊಡಲಿಲ್ಲ.

ಅಂದು ಸಂಜೆಯೇ ಅವರು ಅರ್ಜಿ ಹಿಡಿದು ನನ್ನ ಕೋಣೆಗೆ ಬಂದರು. ಅದೇ ನಮ್ಮ ಕೊನೆಯ ಭೇಟಿ. “ಸ್ವಂತ ಇಚ್ಛೆ ಅಂಬೂದು ಹೊಡದ ಹಾಕ್ರಿ. ಅವ ಒಲ್ಲೆ ಅಂದಿದ್ದ. ಟಪಾಲು ನಿಂತ್ರ ನನ್ನ ಹೆಸರು ಕೆಡತದ ಅಂತ ನಾನ ಬೈದು ಕಳಿಸಿದ್ದೆ. ಹಂಗ ಬರೀರಿ.”

“ಹಂಗ ಬರದ್ರ ಅವರು ಆರಿಸಂಗಿಲ್ರಿ ಮಾಸ್ತರ್ರ” ಎಂದೆ.

“ಬರೀರಿ.”

ಬರೆದೆ. ಲಕೋಟೆಯ ಮೇಲೆ ವಿಳಾಸವನ್ನು ತಾವೇ ಬರೆಯುತ್ತೇನೆಂದು ಒಯ್ದರು. ಮರುದಿನ ನಸುಕಿನಲ್ಲೇ ಡಬ್ಬಿಗೆ ಹಾಕಿ ಬಂದರಂತೆ. ನಾನು ರಜೆಗೆಂದು ಆಳಂದದ ಬಸ್ಸು ಹತ್ತಿದೆ. ಮೂರನೆಯ ದಿನ ಮಾಸ್ತರರು ಎದೆನೋವಿನಿಂದ ತೀರಿಕೊಂಡರು. ನಾನು ಮಣ್ಣೂರು ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು.

ಅದರ ಮರುದಿನ ಗಂಗವ್ವ ಒಂದು ಲಕೋಟೆ ಹಿಡಿದು ಬಂದಳು. ಊರಿನಿಂದ ಊರಿಗೇ ಬರುವ ಕಾಗದವೂ ಕಲಬುರಗಿ ಸುತ್ತಿ ಬರುತ್ತದೆ. ವಿಳಾಸ ಮಾಸ್ತರರ ಅಕ್ಷರದಲ್ಲಿ, ದಿಲ್ಲಿಗಲ್ಲ, ಅವಳ ಹೆಸರಿಗೇ ಇತ್ತು. ಚೀಟಿಯ ಮೇಲಿನ ಮುಖ ಯಾರದೆಂದು ತಿಳಿಯದಂತೆ ಯಾರೋ ನಡುಮಧ್ಯೆ ಶಿಕ್ಕಾ ಬಡಿದಿದ್ದರು.

“ನನಗ ಓದಾಕ ಬರಂಗಿಲ್ರಿ ಅಕ್ಕೋರೆ.”

ಒಳಗಿದ್ದದ್ದು ಅದೇ ಅರ್ಜಿ. ನನ್ನದೇ ಅಕ್ಷರವನ್ನು ನಾನೇ ಓದಿದೆ. “ನಾನೇ ಬೈದು ಕಳಿಸಿದೆ” ಎಂಬಲ್ಲಿ ಇನ್ನೊಮ್ಮೆ ಓದಿಸಿದಳು. ಕಾಗದ ಇಸಿದುಕೊಂಡು ಸೀರೆಯ ಸೆರಗಿನಲ್ಲಿ ಕಟ್ಟಿಕೊಂಡಳು.

“ಅವ ಹೊಳಿಗಿ ಹೋಗೂಮುಂದ ಇದನ್ನ ನನ್ ಮುಂದ ಹೇಳಿ ಹೋಗಿದ್ದ್ರಿ” ಎಂದಳು. “ಹತ್ತು ವರ್ಷ ಕಾದೆ. ನಾಕು ಮನಿ ಆಚಿಗಿದ್ದೆ. ಟಪಾಲಿಗಿ ಹಾಕ್ಯಾರ.”